ಲಟ್ಟಣಿಗೆಯಷ್ಟು ದಪ್ಪ, ಎಣ್ಣೆಕೈಯಷ್ಟು ಎತ್ತರ

ಅಂಗಡಿಯ ಹಿಂದಿನ ಅಡುಗೆಮನೆಯಿಂದ,
ಫೆಬ್ರವರಿ ೧೯, ಗುರುವಾರ

ಪ್ರೀತಿಯ ಅತ್ತೆಗೆ, ನಿಮ್ಮ ಬಾಯಿಬಡಕ ಸೊಸೆಯ ನಮಸ್ಕಾರಗಳು.

ಹೇಗಿದ್ದೀರಿ? ಸೊಂಟದ ನೋವು ಈಗ ಹೇಗಿದೆ? ನೀವು ಕೋಲು ಹಿಡಿದು ಬಾಗಿಲ ತನಕ ಹೋಗಿ ಹಾಲಿನವನ ಹತ್ತಿರ ಜಗಳ ಆಡಿ ಬರುತ್ತೀರೆಂದು ನಿಮ್ಮ ಮಗಳು ಫೋನಿನಲ್ಲಿ ಹೇಳಿದಳು. ಅದನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಜಗಳ ಆಡುವಷ್ಟು ಶಕ್ತಿ ಬಂದಿದ್ದರೆ ಮಿಕ್ಕಿದ್ದು ತಾನಾಗಿ ಬರುತ್ತದೆ. ಮಾತ್ರೆಗಳನ್ನು ನುಂಗುತ್ತಿದ್ದೀರೋ, ಇಲ್ಲಿ ಮಾಡುತ್ತಿದ್ದ ಹಾಗೆ ದಿಂಬಿನ ಚೀಲದೊಳಗೆ ತುರುಕುತ್ತಿದ್ದೀರೋ? (ಒಗೆಯುವಾಗ ಸಿಕ್ಕಿದವು. ನಿಮ್ಮ ಮಗನಿಗೆ ಹೇಳಿಲ್ಲ.) ಫೋನಿರುವಾಗ ಪತ್ರ ಯಾಕೆ ಎಂದು ಕೇಳಬೇಡಿ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಸರಿ, ಇಡ್ತೀನಿ ಅಂದುಬಿಡುತ್ತೀರಿ. ಪತ್ರವಾದರೆ ಪೂರ್ತಿ ಓದಲೇಬೇಕು.

ಇಲ್ಲಿ ಎಲ್ಲರೂ ಕ್ಷೇಮ. ಮಾವ ಬೆಳಿಗ್ಗೆ ಬೈಂಡಿಂಗ್ ಅಂಗಡಿಯಲ್ಲಿ ಕೂತರೆ ಊಟಕ್ಕೇ ಏಳುವುದು. ನೀವಿಲ್ಲದ ಮೇಲೆ ಅವರನ್ನು ಬಯ್ಯುವವರಿಲ್ಲದೆ ಅಂಟಿನ ಬಟ್ಟಲಿಗೆ ಊಟದ ಚಮಚ, ಊಟದ ತಟ್ಟೆಯಲ್ಲಿ ಅಂಟಿನ ಕುಂಚ ಅನ್ನುವ ಹಾಗಾಗಿದೆ. ನಾನು ಸೊಸೆ, ಬಯ್ಯುವಂತಿಲ್ಲ. ಕೇಳಿಸುವಷ್ಟು ಜೋರಾಗಿ ಗೊಣಗುತ್ತೇನೆ, ಅಷ್ಟೆ.

ಇನ್ನು ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ನೀವು ನಿಮ್ಮ ಮಗನಿಗೆ, "ಆ ಮೆಟ್ಟಿಲು ಇನ್ನು ನನ್ನ ಕೈಲಾಗಲ್ಲ. ನಾನು ಇಲ್ಲೇ, ಮಗಳ ಮನೇಲೇ ಇದ್ದುಬಿಡ್ತೀನಿ. ನನ್ನ ರೂಮಲ್ಲಿ ಕಾಗದದ ಕಟ್ಟು ಇಟ್ಕೊಳ್ಳಿ" ಅಂದಿರಂತೆ. ಆ ದಿನ ಈ ಮನೆಯಲ್ಲಿ ಮಾಡಿದ ಅನ್ನ ಹಾಗೇ ಉಳಿಯಿತು. ಮಾವ ಊಟದಿಂದ ಎದ್ದುಹೋಗಿ, ಹೊಲಿದ ಪುಸ್ತಕವನ್ನೇ ಬಿಚ್ಚಿ ಮತ್ತೆ ಹೊಲಿದರು. ನಮ್ಮ ಮನೆ ಎಂಥದ್ದೆಂದು ನಿಮಗೆ ಗೊತ್ತಲ್ಲ, ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ಮಲಗುವ ಕೋಣೆಗಳೆಲ್ಲ ಮೇಲೆ. ಕೆಳಗೆ ಒಂದು ಮಂಚ ಹಾಕಬೇಕೆಂದರೆ ಕಾಗದ ಕತ್ತರಿಸುವ ಯಂತ್ರವನ್ನು ಬೀದಿಗೆ ಇಡಬೇಕು. ಹಾಗಾಗಿ ಮೆಟ್ಟಿಲು ಹತ್ತಲು ಆದರೆ ಮಾತ್ರ ನೀವು ಮನೆಗೆ ಬರುವುದು, ಇಲ್ಲದಿದ್ದರೆ ಇಲ್ಲ. ಹಿಡಿದುಕೊಳ್ಳಲು ಏನಾದರೂ ಇದ್ದರೆ ಹತ್ತಬಹುದೆಂದು ಡಾಕ್ಟರು ಹೇಳಿದ್ದರಲ್ಲ, ಅದನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಎರಡು ಗೋಡೆಗಳ ನಡುವಿನ ಆ ಕಡಿದಾದ ಮೆಟ್ಟಿಲಿಗೆ ಒಂದು ರೇಲಿಂಗ್ ಹಾಕಿಸೋಣ ಅಂದೆ. ನಿಮಗೆ ತಿಳಿಸಲಿಲ್ಲ. ತಿಳಿಸಿದ್ದರೆ ಬೇಡ ಅನ್ನುತ್ತಿದ್ದಿರಿ, ಆಮೇಲೆ ನಿಮ್ಮ ಮಾತು ಮೀರಿ ಮಾಡಿದ ಹಾಗಾಗುತ್ತಿತ್ತು.

ನಿಮ್ಮ ಮಗನಿಗೆ ಬ್ಯಾಂಕಿನಲ್ಲಿರುವಂಥ ಥಳಥಳಿಸುವ ಸ್ಟೀಲ್ ಪೈಪು ಬೇಕಿತ್ತು. ಅಂಗಡಿಗೆ ಹೋಗಿ ಮುಟ್ಟಿ ನೋಡಿದೆ. ಬೆಳಿಗ್ಗೆ ಹೊತ್ತು ಮಂಜುಗಡ್ಡೆಯ ಹಾಗಿತ್ತು. ಚಳಿಯಲ್ಲಿ ನಿಮ್ಮ ಬೆರಳಿನ ಗಂಟುಗಳು ಅದನ್ನು ಹಿಡಿದಾವೇ? ಮರದ್ದೇ ಆಗಲಿ ಎಂದು ಮಾವನ ಜೊತೆ ಬಡಗಿಯ ಹತ್ತಿರ ಹೋದೆ. ಅಲ್ಲಿ ಇನ್ನೊಂದು ತಾಪತ್ರಯ. ಅವನಲ್ಲಿದ್ದ ರೇಲಿಂಗುಗಳೆಲ್ಲ ತೋಳಿನಷ್ಟು ದಪ್ಪ, ಮೇಲೆ ಬಳ್ಳಿ, ಹೂವು, ತುದಿಗೆ ಹಕ್ಕಿಯ ಮೂತಿ. ಅವನಿಗೆ ಅವನ ಹಕ್ಕಿಯ ಮೇಲೆ ಬಲು ಮೋಹ. ನಿಮ್ಮ ಕೈ ಪೂರ್ತಿ ಮುಚ್ಚುವುದಿಲ್ಲವೆಂದು, ನಿಮಗೆ ಎಷ್ಟು ದಪ್ಪದ್ದು ಬೇಕೆಂದು ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ಮನೆಗೆ ಬಂದು ನಿಮ್ಮ ಲಟ್ಟಣಿಗೆಯನ್ನೇ ತೆಗೆದುಕೊಂಡು ಹೋದೆ. ಗಂಟು ಎಷ್ಟೇ ನೋಯಲಿ, ಅದನ್ನೊಂದನ್ನು ಮಾತ್ರ ನೀವು ಯಾವತ್ತೂ ಕೈಬಿಟ್ಟವರಲ್ಲ. ನಾನು ಲಟ್ಟಣಿಗೆ ಹಿಡಿದು ಒಳಗೆ ಕಾಲಿಟ್ಟದ್ದು ನೋಡಿ ಬಡಗಿ ಎರಡು ಹೆಜ್ಜೆ ಹಿಂದೆ ಸರಿದ. ಮಾವ ಜೀವಮಾನದಲ್ಲಿ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ಅದೇ ದಪ್ಪಕ್ಕೆ, ಅದರ ಹಾಗೆಯೇ ನುಣ್ಣಗೆ, ಹಕ್ಕಿಯಿಲ್ಲದೆ ಮಾಡಿಕೊಡಲು ಒಪ್ಪಿದ. ಹಕ್ಕಿ ಬೇಡ ಅಂದದ್ದಕ್ಕೆ ಇವತ್ತಿಗೂ ಮುಖ ಊದಿಸಿಕೊಂಡಿದ್ದಾನೆ.

ಈ ಕಡೆ ನಿಮ್ಮ ಮಗ ಏನು ಮಾಡಿದರು ಗೊತ್ತೇ? ನೀವು ಬರುವಾಗ ಮನೆ ಚೆನ್ನಾಗಿ ಕಾಣಲಿ ಎಂದು, ನಾವು ಬಡಗಿಯ ಹತ್ತಿರ ಇದ್ದ ಹೊತ್ತಿನಲ್ಲಿ ಪೇಂಟರನ್ನು ಕರೆದು ಮೆಟ್ಟಿಲ ಗೋಡೆಗೆ ಬಣ್ಣ ಹೊಡೆಸಿಬಿಟ್ಟರು. ಗೋಡೆಗೆ ತೂತು ಕೊರೆಯುವುದು ಇನ್ನೂ ಬಾಕಿ ಇರುವಾಗ! ಹೊಲಿಗೆ ಹಾಕುವ ಮೊದಲೇ ಯಾರಾದರೂ ರಟ್ಟು ಅಂಟಿಸುತ್ತಾರೆಯೇ ಎಂದು ಮಾವ ತಲೆ ಚಚ್ಚಿಕೊಂಡರು. ನಾನಂತೂ ಬಿಳೀ ಗೋಡೆಯನ್ನು ನೋಡಿದವಳೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಬಣ್ಣ ಇಷ್ಟವಾಗಲಿಲ್ಲವೇನೋ ಎಂದು ನಿಮ್ಮ ಮಗ ಕಕ್ಕಾಬಿಕ್ಕಿಯಾಗಿ, ತಿಳಿಹಳದಿ ಹೊಡೆಸಲೇ ಎಂದು ಕೇಳಿದರು.

ಬಣ್ಣದ ಮಾತಲ್ಲ ಅತ್ತೆ. ಆ ಗೋಡೆಯ ಮೇಲೆ ನಿಮ್ಮ ಕೈಯ ಗೆರೆ ಇತ್ತು. ನಾನು ಈ ಮನೆಗೆ ಬಂದ ಎರಡನೇ ವರ್ಷ ನೀರಿನ ಡ್ರಮ್ಮು ಸರಿಸಲು ಹೋಗಿ ಬೆನ್ನು ಹಿಡಿದು ಮಲಗಿದೆನಲ್ಲ, ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಒಂದು ಇಡೀ ಬೇಸಿಗೆ ನೀವು ನನ್ನ ಊಟವನ್ನು ಮೇಲಕ್ಕೆ ತಂದಿರಿ. ಬಲಗೈಯಲ್ಲಿ ತಟ್ಟೆ, ಎಡಗೈ ಗೋಡೆಗೆ. ಮಂಡಿಗೆ ತಿಕ್ಕಿಕೊಂಡ ಎಣ್ಣೆ ಆ ಕೈಯಲ್ಲಿ ಸದಾ ಇರುತ್ತಿತ್ತು. ನಾನು ಎದ್ದು ಓಡಾಡುವಷ್ಟರಲ್ಲಿ ಕೆಳಗಿನಿಂದ ಮೇಲಿನ ತನಕ ಗೋಡೆಯುದ್ದಕ್ಕೂ ಒಂದು ಕಂದು ಗೆರೆ ಮೂಡಿತ್ತು. ನಾನು ಒದ್ದೆ ಬಟ್ಟೆ ತಂದು ಉಜ್ಜಲು ಕೂತರೆ ನೀವು, "ಬಿಡು, ನಾಳೆ ಮತ್ತೆ ಬರುತ್ತೆ. ನಿನ್ನ ಬೆನ್ನು ಹುಷಾರು" ಅಂದಿರಿ. ಆವತ್ತಿನಿಂದ ನಾನು ಅದನ್ನು ಉಜ್ಜಲಿಲ್ಲ. ನನ್ನ ಹೆತ್ತಮ್ಮ ಇದ್ದಿದ್ದರೆ ಅಷ್ಟು ಮಾಡುತ್ತಿದ್ದಳೋ ಏನೋ, ನೀವು ಮಾಡಿದಿರಿ. ಇದನ್ನು ನಾನು ನಿಮ್ಮ ಎದುರಿಗೆ ಯಾವತ್ತೂ ಹೇಳಿಲ್ಲ. ಹೇಳಲು ಬಂದರೆ ಕೆಲಸ ನೋಡು ಹೋಗು ಅನ್ನುತ್ತೀರಿ. ಅದಕ್ಕೇ ಈಗ, ನೀವು ದೂರದಲ್ಲಿರುವಾಗ, ಬರೆದು ಹೇಳುತ್ತಿದ್ದೇನೆ.

ಅಳು ಒಂದು ಕಡೆ, ಕೆಲಸ ಇನ್ನೊಂದು ಕಡೆ. ರೇಲಿಂಗ್ ಎಷ್ಟು ಎತ್ತರಕ್ಕೆ ಕೂರಿಸಬೇಕೆಂದು ಬಡಗಿ ಕೇಳಿದಾಗ ನಾನು ಆ ಗೆರೆಯನ್ನೇ ತೋರಿಸಬೇಕೆಂದಿದ್ದೆ. ಈಗ ಗೆರೆಯೇ ಇಲ್ಲ. ಎಲ್ಲರ ಮನೆಗೂ ಇದೇ ಎತ್ತರ ಎಂದು ಅವನು ತನ್ನ ಅಳತೆಕೋಲು ಹಿಡಿದು ತೋರಿಸಿದ. ಅದು ನನ್ನ ಸೊಂಟಕ್ಕಿಂತ ಮೇಲೆ ಬಂತು. ನಿಮಗಾದರೆ ಎದೆಗೆ ಬರುತ್ತಿತ್ತು. ನಮ್ಮ ಅತ್ತೆ ದನಿಯಲ್ಲಿ ಮಾತ್ರ ಎತ್ತರ ಅಂದೆ. (ಕ್ಷಮಿಸಿ.) ಮಾವ ನಿಮ್ಮ ಕೈ ಎಲ್ಲಿಗೆ ಬರುತ್ತದೆಂದು ತಮ್ಮ ಮೈಮೇಲೆ ತೋರಿಸಿದರು, ನಿಮ್ಮ ಮಗ ಇನ್ನೊಂದು ಕಡೆ ತೋರಿಸಿದರು. ಇಬ್ಬರಿಗೂ ವಾದವಾಯಿತು. ಅಷ್ಟು ವರ್ಷ ಜೊತೆಗಿದ್ದೂ ಒಬ್ಬರ ಎತ್ತರ ಹೇಳಲು ಬಾರದ ಗಂಡಸರನ್ನು ಕಟ್ಟಿಕೊಂಡು ನಾನೇನು ಮಾಡಲಿ? ಮರಕ್ಕೆ ಪಾಲಿಶ್ ಒಣಗಲಿ, ಆಮೇಲೆ ನೋಡೋಣ ಎಂದು ಬಡಗಿ ಹೊರಟುಹೋದ.

ಆಮೇಲೆ ನಡೆದದ್ದನ್ನು ನೀವು ನಂಬಿದರೆ ನಂಬಿ. ನಾಲ್ಕಾರು ದಿನ ಕಳೆದ ಮೇಲೆ ಬೆಳಿಗ್ಗೆ ಕೆಳಗಿಳಿಯುವಾಗ ನೋಡುತ್ತೇನೆ, ಬಿಳೀ ಗೋಡೆಯೊಳಗಿಂದ ತೆಳ್ಳಗೆ ಹಳದಿಯಾಗಿ ನಿಮ್ಮ ಗೆರೆ ಮೇಲೆದ್ದಿದೆ. ನಿಮ್ಮ ಮಗ ಅಗ್ಗದ ಬಣ್ಣ ಹೊಡೆಸಿದ್ದರಲ್ಲ, ಎಣ್ಣೆಯ ಜಿಡ್ಡು ಅದರಿಂದ ಮುಚ್ಚುತ್ತದೆಯೇ? ಪೇಂಟರನಿಗೆ ಮರ್ಯಾದೆ ಹೋದಂತಾಗಿ ಇನ್ನೊಂದು ಕೋಟ್ ಹೊಡೆಯುತ್ತೇನೆಂದು ಡಬ್ಬಿ ಹಿಡಿದು ಬಂದ. ನಾನು ಮೆಟ್ಟಿಲಿಗೆ ಅಡ್ಡ ನಿಂತು, ಬಡಗಿ ಬರುವ ತನಕ ಈ ಗೋಡೆಗೆ ಕುಂಚ ಸೋಕಿಸಿದರೆ ಜೋಕೆ ಅಂದೆ. ಲಟ್ಟಣಿಗೆ ಹತ್ತಿರ ಇರಲಿಲ್ಲ, ಅವನ ಪುಣ್ಯ.

ಬಡಗಿ ಬಂದ. ಅವನ ಅಳತೆಗಿಂತ ಗೆರೆ ಒಂದು ಗೇಣು ಕೆಳಗಿತ್ತು. ಇದು ಮಕ್ಕಳಿಗೆ ಹಾಕಿದ ಹಾಗಾಗುತ್ತದೆ, ನೋಡಿದವರು ನಗುತ್ತಾರೆ ಎಂದು ಗೊಣಗಿದ. ನೋಡುವವರು ಮೆಟ್ಟಿಲು ಹತ್ತುವುದಿಲ್ಲವಲ್ಲ ಎಂದು ಮಾವ ಹೇಳಿದ ಮೇಲೆ ಗೆರೆಯ ಉದ್ದಕ್ಕೂ ಪೆನ್ಸಿಲ್ ಎಳೆಯುತ್ತಾ ಹೋದ. ಅರ್ಧ ಹತ್ತಿದ ಮೇಲೆ ನಿಂತ. ಅಲ್ಲಿ ಗೆರೆ ಗೆರೆಯಾಗಿರಲಿಲ್ಲ ಅತ್ತೆ. ಅಂಗೈಯಗಲಕ್ಕೆ ಹರಡಿಕೊಂಡು ದಟ್ಟವಾಗಿತ್ತು. ಬರೇ ಸವರಿಕೊಂಡು ಹೋದರೆ ಹಾಗಾಗುವುದಿಲ್ಲ. ಅಲ್ಲಿ ನೀವು ಕೈ ಊರಿ ನಿಲ್ಲುತ್ತಿದ್ದಿರಿ. ಬಿಸಿ ತಟ್ಟೆ ಹಿಡಿದುಕೊಂಡು, ಉಸಿರು ಹದಕ್ಕೆ ಬರುವ ತನಕ. ಕೋಣೆಯೊಳಗೆ ಬರುವಾಗ ಮಾತ್ರ ದಿನವೂ, "ಒಂದೇ ಉಸಿರಿಗೆ ಬಂದೆ ನೋಡು, ಬಿಸಿ ಇರುವಾಗಲೇ ತಿನ್ನು" ಅನ್ನುತ್ತಿದ್ದಿರಿ. ನಾನು ಅದನ್ನು ನಂಬಿಕೊಂಡು ಹಾಯಾಗಿ ಉಂಡೆ. ಆ ಜಾಗದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಬ್ರಾಕೆಟ್ ಹಾಕಿಸಿದ್ದೇನೆ. ನಿಮ್ಮ ಮಗ ಹತ್ತಾರು ಸಲ ಅದಕ್ಕೆ ಜೋತುಬಿದ್ದು ನೋಡಿದ್ದಾರೆ, ಅಲ್ಲಾಡಲಿಲ್ಲ.

ರೇಲಿಂಗ್ ಈಗ ಗೋಡೆಯಲ್ಲಿದೆ. ತೋಳಿನ ಬಟ್ಟೆ ಸಿಕ್ಕಿಕೊಳ್ಳದಂತೆ ಬಡಗಿ ತುದಿಯನ್ನು ಗೋಡೆಯ ಕಡೆಗೆ ಬಾಗಿಸಿದ್ದಾನೆ. ಕೊನೆಯ ಮೆಟ್ಟಿಲು ದಾಟಿ ನಿಮ್ಮ ಕೋಣೆಯ ಬಾಗಿಲ ತನಕ ಬರುತ್ತದೆ. ಮಾವ ಹೊಲಿಗೆ ದಾರಕ್ಕೆ ಹಚ್ಚುವ ಮೇಣವನ್ನು ದಿನಾ ಸಂಜೆ ಅದಕ್ಕೆ ತಿಕ್ಕುತ್ತಾರೆ. ಯಾಕೆಂದು ಕೇಳಿದರೆ ಮರ ಒಣಗಬಾರದು ಅನ್ನುತ್ತಾರೆ, ಅಷ್ಟು ಹೊತ್ತು ಯಾರೂ ಮರಕ್ಕೆ ಮೇಣ ತಿಕ್ಕುವುದಿಲ್ಲ. ನಿಮ್ಮ ಕೋಣೆಯಲ್ಲಿ ಕಾಗದದ ಕಟ್ಟು ಇಟ್ಟಿಲ್ಲ, ಇಡುವುದೂ ಇಲ್ಲ. ಹಾಸಿಗೆಯನ್ನು ಬಿಸಿಲಿಗೆ ಹಾಕಿ ತಂದಿದ್ದೇನೆ. ಭಾನುವಾರ ಬೆಳಿಗ್ಗೆ ನಿಮ್ಮ ಮಗ ಕಾರು ಮಾಡಿಕೊಂಡು ಅಲ್ಲಿಗೆ ಬರುತ್ತಾರೆ, ತಯಾರಾಗಿರಿ. ನಾದಿನಿಗೆ, ಅವಳ ಮನೆಯವರಿಗೆ ನನ್ನ ನೆನಪುಗಳನ್ನು ತಿಳಿಸಿ. ಇಷ್ಟು ದಿನ ನಿಮ್ಮನ್ನು ನೋಡಿಕೊಂಡ ಅವಳ ಋಣ ನಮ್ಮೆಲ್ಲರ ಮೇಲಿದೆ. ಹಾಲಿನವನಿಗೂ ನನ್ನ ಸಹಾನುಭೂತಿ ಹೇಳಿ.

ನಿಮ್ಮ ಪಾದಗಳು ಈ ಮೆಟ್ಟಿಲುಗಳ ಮೇಲೆ ಬೀಳುವ ಸದ್ದಿಗೆ ಕಾದಿರುವ,
ನಿಮ್ಮ ಸೊಸೆ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೀವು ಬರಲೊಲ್ಲೆ ಅಂದ ನಿಜವಾದ ಕಾರಣವನ್ನು ನಿಮ್ಮ ಮಗ ಈಗಷ್ಟೇ ಬಾಯಿಬಿಟ್ಟರು. "ಅವಳು ನನಗೆ ತಟ್ಟೆ ಹೊತ್ಕೊಂಡು ಮೇಲೆ ಬರೋದು ಬೇಡ. ಆ ಬೆನ್ನಿಗೆ ಅದು ಆಗಲ್ಲ" ಅಂದಿರಂತೆ. ಸರಿ ಅತ್ತೆ, ಹಾಗಾದರೆ ಕೇಳಿ. ಆ ರೇಲಿಂಗ್ ಪೂರ್ತಿ ನಿಮ್ಮದಲ್ಲ, ಅರ್ಧ ನನ್ನದು. ಆಗುವ ದಿನ ನೀವೇ ಅದನ್ನು ಹಿಡಿದು ಇಳಿದು ಬಂದು ಊಟ ಮಾಡಿ. ಆಗದ ದಿನ ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯಲ್ಲಿ ತಟ್ಟೆ ಹಿಡಿದು ನಾನು ಬರುತ್ತೇನೆ. ನಿಮಗೆ ಗೋಡೆ ಮಾತ್ರ ಇತ್ತು, ನನಗೆ ಈ ರೇಲಿಂಗ್ ಇದೆ. ಅರ್ಧದಲ್ಲಿ, ನೀವು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಸುಧಾರಿಸಿಕೊಂಡು ಬರುತ್ತೇನೆ. ಒಂದೇ ಉಸಿರಿಗೆ ಬಂದೆ ಎಂದು ಮಾತ್ರ ನಿಮ್ಮ ಹಾಗೆ ಸುಳ್ಳು ಹೇಳುವುದಿಲ್ಲ.