ಕಟಕಟ ನಿಂತ ಕಾರು

ಭಾನುವಾರ, ಮಧ್ಯಾಹ್ನ

ಸ್ಪ್ಯಾನರ್,

ಕ್ಷೇಮವೇ ಎಂದು ಕೇಳುವ ಮನಸ್ಸಿಲ್ಲ, ಕೇಳುವುದೂ ಇಲ್ಲ. ಅಕ್ಷರ ಅಮ್ಮನದು, ಮಾತು ನನ್ನದು. ನನ್ನ ಬಲಗೈ ಮೊಣಕೈವರೆಗೆ ಪ್ಲಾಸ್ಟರ್‌ನಲ್ಲಿದೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕೆಂದು ಅಮ್ಮನಿಂದ ಮಾತು ತೆಗೆದುಕೊಂಡಿದ್ದೇನೆ. ಆದರೂ ನಿನ್ನ ಹೆಸರಿನ ಮುಂದೆ ಸೇರಿಸಿದ್ದ ಒಂದು ಬೈಗುಳವನ್ನು ಬರೆಯಲ್ಲ ಎಂದುಬಿಟ್ಟಳು. ನೀನೇ ಊಹಿಸಿಕೋ.

ರೇಸ್ ಟ್ರ್ಯಾಕ್‌ನಲ್ಲಿ ನನ್ನನ್ನು ಆಂಬುಲೆನ್ಸ್‌ಗೆ ಹತ್ತಿಸಿದ ತಮ್ಮ ನೀನು, ಆಸ್ಪತ್ರೆಗೆ ಬರಲಿಲ್ಲ. ಗೆಳೆಯನ ಮನೆಯಲ್ಲಿ ಅವಿತು ಕೂತಿದ್ದೀಯ ಎಂದು ತಿಳಿಯಿತು. ಯಾಕೆ ಎಂದು ನಿನ್ನೆ ಗೊತ್ತಾಯಿತು.

ಲೇತ್ ಅಂಗಡಿಯ ಮಾವನನ್ನು ಷೆಡ್ಡಿಗೆ ಕರೆಸಿ ಡಿಫರೆನ್ಷಿಯಲ್‌ನ ಎಣ್ಣೆ ಇಳಿಸಿದೆ. ಮುಂದಿನ ಬಂಪರ್ ಪುಡಿಪುಡಿಯಾಗಿರುವಾಗ ಹಿಂದಿನದನ್ನು ಯಾಕಮ್ಮಾ ಬಿಚ್ಚಿಸ್ತೀಯ, ತಲೆಗೂ ಪೆಟ್ಟು ಬಿದ್ದಿದೆಯಾ ಅಂತ ಅವರು ಕೇಳಿದರು. ನನಗೆ ಗೊತ್ತಿತ್ತು. ಅವತ್ತು ನೀನು ಕಾರು ಸಜ್ಜುಮಾಡಿದ ಪಿಟ್‌ನಿಂದ ಹೊರಡುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಹಿಂದಿನಿಂದ ಎಂದಿನ ಕಟಕಟ ಸದ್ದು ಬರಲಿಲ್ಲ. ಕಿಟಕಿಯಿಂದ ನಿನ್ನನ್ನೇ ಕೇಳಿದೆ. ಪ್ಲೇಟುಗಳು ಹೊಂದಿಕೊಂಡಿವೆ ಅಕ್ಕಾ, ನೀನು ಹೋಗು ಅಂದೆ. ನಾನು ಹೋದೆ.

ಈಗ ಹೇಳುವುದು ನಿನಗೆ ಗೊತ್ತಿರುವುದೇ. ಬರೆಯುತ್ತಿರುವ ಅಮ್ಮನಿಗೂ ಅರ್ಥವಾಗಲಿ. ಹಿಂದಿನ ಎರಡು ಚಕ್ರಗಳ ನಡುವಿನ ಆ ಡಿಫರೆನ್ಷಿಯಲ್ ಡಬ್ಬದಲ್ಲಿ ತೆಳು ಪ್ಲೇಟುಗಳ ಒಂದು ಕಟ್ಟು ಇದೆ. ತಿರುವಿನಲ್ಲಿ ಒಳಗಡೆಯ ಚಕ್ರ ಹಗುರಾಗಿ ಸುಮ್ಮನೆ ಸುತ್ತತೊಡಗುತ್ತದೆ. ಆಗ ಪ್ಲೇಟುಗಳು ಒಂದನ್ನೊಂದು ಬಿಗಿಹಿಡಿದು ಎಂಜಿನ್ನಿನ ಶಕ್ತಿಯನ್ನು ಹೊರಗಡೆಯ ಚಕ್ರಕ್ಕೆ ಕಳಿಸುತ್ತವೆ. ಗಲ್ಲಿಯಲ್ಲಿ ನಿಧಾನವಾಗಿ ತಿರುಗಿಸುವಾಗ ಇದೇ ಹಿಡಿತ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಕಟಕಟ ಎನ್ನುತ್ತದೆ. ಅದು ರೋಗವಲ್ಲ. ಪ್ಲೇಟು ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತು.

ಅಮ್ಮ ಇಲ್ಲಿ ಪೆನ್ನು ನಿಲ್ಲಿಸಿ, ಹಾಗಾದ್ರೆ ಆ ಸದ್ದು ಇರಲೇಬೇಕಾ ಅಂತ ಕೇಳಿದಳು. ಇರಲೇಬೇಕು ಅಂದೆ. ಮತ್ತೆ ಅದನ್ನೇ ಕೇಳಿದಳು.

ಕಾದರೂ ತೆಳುವಾಗದ ದಪ್ಪ ಎಣ್ಣೆಯನ್ನು ನಾವಿಬ್ಬರೂ ಕೂತು ಆರಿಸಿದ್ದೆವು. ಬೇರೆಯದನ್ನು ಹಾಕುವುದಿಲ್ಲವೆಂದು ನೀನೇ ಹೇಳಿದ್ದೆ. ನಿನ್ನೆ ತಟ್ಟೆಗೆ ಇಳಿದದ್ದು ಮಜ್ಜಿಗೆನೀರಿನ ಹಾಗೆ ಓಡುವ ಎಣ್ಣೆ. ಅದರ ಡಬ್ಬಿ ಹಳೆಯ ಟೈರುಗಳ ಹಿಂದೆ ಸಿಕ್ಕಿತು. ಪ್ಲೇಟುಗಳು ಜಾರುವಂತೆ ಮಾಡುವ ಮದ್ದು ಬೆರೆಸಿದ್ದು. ‘ಸದ್ದಿಲ್ಲದ ಸುಖ ಪ್ರಯಾಣಕ್ಕೆ’ ಎಂದು ಮೇಲೆ ಅಚ್ಚಾಗಿದೆ. ಹಿಂದಿನ ಸೀಟಿನಲ್ಲಿ ಕೂಸು ಮಲಗಿಸಿಕೊಂಡು ತವರಿಗೆ ಹೊರಟಿದ್ದೆನೇನೋ ನಾನು! ಆ ಕಾರಿಗೆ ಹಿಂದಿನ ಸೀಟೇ ಇಲ್ಲವಲ್ಲೋ.

ಎಣ್ಣೆ ಕಾಯುವವರೆಗೆ ಹೇಗೋ ನಡೆಯಿತು. ಆಮೇಲೆ ಕೊನೆಯ ಕಿರಿದಾದ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಅರಚಿತು, ಕಾರು ಮುಂದೆ ಹೋಗಲಿಲ್ಲ. ಒಳಚಕ್ರ ನಿಂತಲ್ಲೇ ಹೊಗೆಯೆಬ್ಬಿಸಿತು. ಜಾರುತ್ತಿದ್ದ ಪ್ಲೇಟುಗಳು ಒಮ್ಮೆಲೇ ಕಚ್ಚಿಕೊಂಡವು. ಕಾರಿನ ಹಿಂಭಾಗ ಬೀಸಿತು. ಎದುರಿಗೆ ಗೋಡೆ.

ಗೋಡೆಗೆ ಬಡಿದದ್ದಕ್ಕೆ ನನಗೆ ಸಿಟ್ಟಿಲ್ಲ. ಟ್ರ್ಯಾಕ್‌ಗೆ ಇಳಿಯುವವರಿಗೆ ಗೋಡೆ ಹೊಸದಲ್ಲ. ನೀನು ಮರೆತು ಹಾಕಿದ್ದರೆ ಎರಡು ಬೈದು ಬಿಡುತ್ತಿದ್ದೆ. ಆದರೆ ಮರೆತವನು ಡಬ್ಬಿ ಬಚ್ಚಿಡುವುದಿಲ್ಲ. ಬೇಕೆಂದೇ ಹಾಕಿದ್ದೀಯ, ಕೇಳಿದಾಗ ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದ್ದೀಯ. ನಾನು ಗೆಲ್ಲುವುದು ನಿನ್ನ ಕಣ್ಣು ಕುಕ್ಕಿತಾ? ಅಕ್ಕ ಕೂರುವ ಕಾರು ಎಂದು ಒಮ್ಮೆಯೂ ಅನ್ನಿಸಲಿಲ್ಲವಾ? ಇಷ್ಟು ದಿನ ನೀನು ಬಿಗಿದ ಒಂದೇ ಒಂದು ನಟ್ಟನ್ನೂ ನಾನು ಮುಟ್ಟಿ ನೋಡಿದವಳಲ್ಲ. ಅಷ್ಟು ನಂಬಿದ್ದೆ.

ಈ ವರ್ಷದ ಕೊನೆಯ ಸ್ಪರ್ಧೆಯ ಹೊತ್ತಿಗೆ ಪ್ಲಾಸ್ಟರ್ ಬಿಚ್ಚುತ್ತಾರೆ. ನಾನು ಓಡಿಸುತ್ತೇನೆ. ಕಾರಿನ ರಿಪೇರಿ ಮಾತ್ರ ಬೇರೆಯವರ ಕೈಗೆ. ನಿನ್ನ ಹತ್ತಿರ ಇರುವ ಷೆಡ್ಡಿನ ಕೀಲಿಯನ್ನು ಅಂಚೆಯಲ್ಲಿ ಕಳಿಸು. ನೆಪ ಬರೆದು ಕಳಿಸಬೇಡ, ಓದುವುದಿಲ್ಲ.

ಇನ್ನು ಹೆಸರಿಗಷ್ಟೇ,
ನಿನ್ನ ಅಕ್ಕ

ತಾ.ಕ.: ಇದು ಅಮ್ಮನ ಮಾತು. ನಿನ್ನ ಅಕ್ಕನ ಜೊತೆ ಕಾರಿನಲ್ಲಿ ಕೂತು ಬಂದ ದಿನ ಆ ಕಟಕಟ ಕೇಳಿ ನನ್ನ ಜೀವ ಬಾಯಿಗೆ ಬಂದಿತ್ತು. ಇದು ಮುರಿದು ಬೀಳುತ್ತೆ ಕಣೋ, ಮೊದಲು ಆ ಸದ್ದು ನಿಲ್ಲಿಸು ಅಂತ ನಿನ್ನ ಪ್ರಾಣ ಹಿಂಡಿದವಳು ನಾನೇ. ಒಪ್ಪುತ್ತೇನೆ. ಆದರೆ ‘ಅಮ್ಮಾ, ಆ ಸದ್ದು ಇರಬೇಕು’ ಅಂತ ಒಂದು ಮಾತು ಹೇಳೋಕೆ ನಿನಗೆ ಬಾಯಿರಲಿಲ್ಲವಾ? ಇವತ್ತು ಅವಳು ಹೇಳಿದ ಹಾಗೆ ನೀನೂ ಬಿಡಿಸಿ ಹೇಳಿದ್ದರೆ ನನಗೆ ಅರ್ಥವಾಗುತ್ತಿರಲಿಲ್ಲವಾ? ನನ್ನ ಬಾಯಿ ಮುಚ್ಚಿಸಲು ಹೋಗಿ ಕಾರಿನ ಬಾಯಿ ಮುಚ್ಚಿಸಿದೆ.

ಪತ್ರ ಮುಗಿದ ಮೇಲೆ ಎಲ್ಲವನ್ನೂ ಅವಳಿಗೆ ಹೇಳಿದೆ. ಎಡಗೈಯಲ್ಲಿ ಸಹಿ ಗೀಚಿ, ಎದ್ದುಹೋಗಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ಈಗ ನನ್ನ ಜೊತೆಗೂ ಮಾತಿಲ್ಲ. ಕೀಲಿಯನ್ನು ಅಂಚೆಗೆ ಹಾಕಬೇಡ, ತಗೊಂಡು ಬಾ. ನಾನು ಬರೆಯದೆ ಬಿಟ್ಟ ಬೈಗುಳವನ್ನು ಎದುರಿಗೇ ಹೇಳುತ್ತೇನೆ. ಬಂದವನೇ ಅವಳ ಬಾಗಿಲನ್ನು ಜೋರಾಗಿ ಬಡಿ. ಮನೆಯಲ್ಲಿ ಒಂದು ಸದ್ದೂ ಇಲ್ಲ ಕಣೋ.