ಹೊಸ ಸರಕಿಗೂ ಒಂದು ಮಾಮೂಲು ಗೊತ್ತುಮಾಡಿ

ಬಂದರಿನ ರಫ್ತು ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

೧. ದೂರುದಾರ: ಊರವರ ಅರ್ಜಿಗಳನ್ನು ಶುದ್ಧಪ್ರತಿ ಮಾಡಿಕೊಡುತ್ತಲೇ ಮುದುಕನಾದವನು.
೨. ಬಾಧಿತಳು: ದೂರುದಾರನ ಮಗಳು, ಪಿಟೀಲಿನ ತಂತಿ ಬಿಗಿಯುವ ಮರದ ಬಿರಡೆಗಳನ್ನು ಕಡೆಯುತ್ತಿದ್ದವಳು.
೩. ದೂರು: ತಮ್ಮ ಕಚೇರಿ ಅವಳ ಬಿರಡೆಗಳನ್ನು ಹಡಗು ಹತ್ತಲು ಬಿಡದೆ ಕೆಡಿಸಿತು, ಅವಳ ಕಸುಬನ್ನೂ.

ನಮ್ಮ ಬಂದರಿನಿಂದ ತಲೆತಲಾಂತರದಿಂದ ಹೋಗುತ್ತಿರುವುದು ಮರದ ದಿಮ್ಮಿ ಮಾತ್ರ. ‘ದಿಮ್ಮಿಯೊಂದನ್ನೇ ನಂಬಿದರೆ ದೇಶ ಉದ್ಧಾರವಾಗದು, ಹೊಸ ಸರಕು ಹೊರಡಬೇಕು’ ಎಂದು ತಾವು ಭಾಷಣ ಮಾಡಿದಾಗ ನನ್ನ ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಚಪ್ಪಾಳೆಯನ್ನೂ ತಟ್ಟಿದಳು, ಪಾಪ.

ಅವಳ ಮೊದಲ ಪೆಟ್ಟಿಗೆ ತಮ್ಮಲ್ಲಿಗೆ ಬಂತು. ಲಂಚ ಕೊಡೆನೆಂದು ನಾನು ಹಠ ಹಿಡಿದೆನೆಂದು ಭಾವಿಸಬೇಡಿ. ಅಭಿಮಾನವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಎಷ್ಟೆಂದು ನಾನೇ ಕೇಳಿದೆ. ತಮ್ಮ ಗುಮಾಸ್ತರು ನಿಜಕ್ಕೂ ನೊಂದುಕೊಂಡರು.

“ದಿಮ್ಮಿ ಆಗಿದ್ರೆ ಮಾಮೂಲು ಇದೆ ಯಜಮಾನ್ರೇ, ಇವತ್ತೇ ಹೋಗ್ತಿತ್ತು. ಇದು ಹೊಸ ಮಾಲು. ಯಾವ ಮೇಜಿಗೆ ಎಷ್ಟು ಅಂತ ಇನ್ನೂ ಆಗಿಲ್ಲ.”

“ಯಾವಾಗ ಆಗುತ್ತೆ ಅಣ್ಣ?” ಎಂದಳು ಮಗಳು.

“ಇನ್ನೊಂದು ನಾಲ್ಕು ಜನ ಇದನ್ನೇ ತರಲಿ ಅಕ್ಕ, ತಾನಾಗೇ ಆಗುತ್ತೆ.”

ಮೊದಲನೆಯವಳನ್ನೇ ದಾಟಲು ಬಿಡದ ಬಾಗಿಲಿಗೆ ಐದನೆಯವನು ಎಲ್ಲಿಂದ ಬರಬೇಕು, ಮಾನ್ಯರೇ? ದರ ಗೊತ್ತಿಲ್ಲದ ಕಾರಣ ಪ್ರತಿ ಮೇಜೂ ತನಗೆ ತೋಚಿದ್ದನ್ನು ಕೇಳಿತು. ಕೊಟ್ಟೆವು. ಕೊಟ್ಟಿದ್ದು ಕಂಡು ಪಕ್ಕದ ಮೇಜಿಗೂ ಹಸಿವಾಯಿತು. ಕೊಡಲು ಏನೂ ಉಳಿಯದಾದಾಗ, ಒಳಗೇನಿದೆ ನೋಡಬೇಕೆಂದು ಒಂದಷ್ಟು ಬಿರಡೆಗಳನ್ನು ಸೀಳಿದರು. ಮರದೊಳಗೆ ಮರವೇ ಇತ್ತು. ಉಳಿದವು ತಮ್ಮ ಉಗ್ರಾಣದ ಉಪ್ಪುಗಾಳಿಗೆ ಸೊಟ್ಟಗಾದವು. ಸೊಟ್ಟ ಬಿರಡೆ ತಂತಿಯನ್ನು ಹಿಡಿದು ನಿಲ್ಲಿಸದು. ಕೊಳ್ಳುವವರು ಬೇರೆ ದೇಶದವರನ್ನು ನೋಡಿಕೊಂಡರು. ಆ ದೇಶದವರು ಬಿರಡೆ ಕಡೆಯುವುದು ನಮ್ಮದೇ ದಿಮ್ಮಿಯಿಂದ.

ಮಗಳು ಕಡೆಯುವ ಯಂತ್ರವನ್ನು ಮಾರಿದಳು. ಈಗ ದಿಮ್ಮಿ ಅಂಗಳದಲ್ಲಿ, ಹಡಗಿಗೆ ಹೋಗುವ ದಿಮ್ಮಿಗಳ ತಲೆಗೆ ನಂಬರು ಬರೆಯುತ್ತಾಳೆ. ಮೊನ್ನೆ ಊಟದ ಡಬ್ಬಿ ಕೊಡಲು ಹೋದಾಗ ನನ್ನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು: “ಇಲ್ಲಿ ಯಾರ ಕಾಟಾನೂ ಇಲ್ಲ ಅಪ್ಪ. ಎಲ್ಲ ಮಾಮೂಲು.”

ಆ ಮಾತು ಕೇಳಿ ಮನೆಗೆ ಬಂದವನೇ ಈ ಅರ್ಜಿ ಬರೆಯಲು ಕೂತೆ.

ಲಂಚ ನಿಲ್ಲಿಸಿರೆಂದು ಕೇಳುವಷ್ಟು ಎಳೆಯವನು ನಾನಲ್ಲ. ಹೊಸ ಸರಕಿಗೂ ಒಂದು ಮಾಮೂಲು ಗೊತ್ತುಮಾಡಿ. ಅದೂ ಆಗದಿದ್ದರೆ, ಇಲ್ಲಿ ಹೊಸದೇನನ್ನೂ ತರಬಾರದೆಂದು ಹೆಬ್ಬಾಗಿಲಿಗೆ ಫಲಕ ಹಾಕಿಸಿ. ಇನ್ನೊಬ್ಬರ ಮಗಳು ಯಂತ್ರ ಕೊಳ್ಳುವ ಮೊದಲೇ ಅದನ್ನು ಓದಿಕೊಳ್ಳಲಿ.

ಇಂತಿ,
ಅರ್ಜಿಗಳಲ್ಲಿ ಈಗಲೂ ನಂಬಿಕೆಯಿಟ್ಟಿರುವ, ತಮ್ಮ ವಿಧೇಯ
ಅರ್ಜಿ ಬರಹಗಾರ

ಲಗತ್ತು: ಸದರಿ ಫಲಕದ ಕರಡು, ಒಂದು ಹಾಳೆ. ದುಂಡಗೆ ಬರೆದಿದ್ದೇನೆ, ಬಣ್ಣದ ಖರ್ಚು ಮಾತ್ರ ತಮ್ಮದು.