ಗಂಟೆ ಬಾರಿಸುವ ಕಾಲು

ಹೊನ್ನಾವರ
೧೪ ನವೆಂಬರ್ ೨೦೦೩

ಚಿ. ಸೌ. ದಿವ್ಯಶ್ರೀಗೆ ಅಮ್ಮನ ಪ್ರೀತಿಯ ಆಶೀರ್ವಾದ.

ನಾವಿಲ್ಲಿ ಕ್ಷೇಮ. ಕಲ್ಕತ್ತೆಯಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರೆಂದು ಓದಿ ಸಮಾಧಾನವಾಯಿತು. ನಿನ್ನ ಪತ್ರವನ್ನು ಎಂದಿನ ಹಾಗೆ, ಅಪ್ಪ ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿದೆ. ಬಂಗಾಳಿಯನ್ನು ಮದುವೆಯಾದ ಮಗಳ ಹೆಸರನ್ನೇ ಎತ್ತುವುದಿಲ್ಲ ಎಂದು ಆರು ವರ್ಷದಿಂದ ಹಟ ಹಿಡಿದ ಮನುಷ್ಯ, ನಿನ್ನ ಪತ್ರ ಬಂದ ದಿನ ಮಾತ್ರ ಮಜ್ಜಿಗೆ ಅನ್ನವನ್ನು ಕಲೆಸುತ್ತಲೇ ಇರುತ್ತಾರೆ. ನನಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಾರೆ.

ನಿಮ್ಮ ಮನೆಯೆದುರಿನ ಟ್ರಾಮ್ ಲೈನು ಬರುವ ಬೇಸಿಗೆಗೆ ಪೂರಾ ನಿಂತೇಹೋಗುತ್ತದೆ ಎಂದು ಬರೆದಿದ್ದೆಯಲ್ಲ, ಅಲ್ಲಿಗೆ ಬಂದಾಗ ಅವರ ಕೈ ನಿಂತಿತು. "ಎಂತಕ್ಕೆ ನಿಲ್ಲಿಸ್ತಾರಂತೆ?" ಎಂದರು. ಕೇಳಿದ್ದು ಅವರೇ ಹೌದೋ ಎಂದು ನಾನೊಮ್ಮೆ ತಲೆಯೆತ್ತಿ ನೋಡಿದೆ. ಮೋಟಾರುಗಳಿಗೆ ದಾರಿ ಸಾಲುವುದಿಲ್ಲವಂತೆ ಎಂದೆ. "ಬೊಂಬಾಯಲ್ಲೂ ಹಿಂಗೇ ಹೇಳಿದ್ರು" ಎಂದವರು ಎಂಜಲು ಕೈ ಒಣಗುವವರೆಗೂ ಮಾತಾಡಿದರು.

ಅವರು ಟ್ರಾಮ್ ಡ್ರೈವರ್ ಆಗಿ ಸೇರುವ ಹೊತ್ತಿಗೇ ಅಲ್ಲಿ ಒಂದೊಂದೇ ಲೈನು ಮುಚ್ಚುತ್ತಿತ್ತಂತೆ. ಹಿಂದೆ ಅಲ್ಲಿ ಟ್ರಾಮನ್ನು ಕುದುರೆಗಳು ಎಳೆಯುತ್ತಿದ್ದವು, ಬಿಸಿಲಿಗೆ ಕುದುರೆಗಳಿಗೂ ಟೊಪ್ಪಿಗೆ ಹಾಕುತ್ತಿದ್ದರು ಎಂದು ಹಳಬರು ಹೇಳುತ್ತಿದ್ದರಂತೆ. ಅರವತ್ನಾಲ್ಕರಲ್ಲಿ ಕೊನೆಯ ಟ್ರಾಮ್ ಬೋರಿಬಂದರದಿಂದ ದಾದರಿಗೆ ಹೊರಟಾಗ ದಾರಿಯುದ್ದಕ್ಕೂ ಜನ. ಇವರೂ ಖಾಕಿ ಹಾಕಿಕೊಂಡು ಆ ಜನರ ನಡುವೆ ನಿಂತು ಅತ್ತರಂತೆ.

ಬೊಂಬಾಯಿ ಒಗ್ಗಲಿಲ್ಲ, ಬಿಟ್ಟು ಬಂದೆ ಎಂದು ನಮಗೆಲ್ಲ ಹೇಳಿದ್ದರಲ್ಲ, ಅದು ಹಾಗಲ್ಲ. ಟ್ರಾಮು ಕಂಬಿ ಹೋದಲ್ಲಿ ಹೋಗುವುದು, ತಿರುಗಿಸುವ ಕೆಲಸವಿಲ್ಲ. ಯಾರಾದರೂ ಅಡ್ಡ ಬಂದರೆ ಬಲಗಾಲಿನಿಂದ ತುಳಿದು ಗಂಟೆ ಬಾರಿಸಬೇಕು. ಆಮೇಲೆ ಇವರಿಗೆ ಬಸ್ಸು ಕಲಿಸಿದರು. ಕಲಿತರು ಕೂಡ. ಒಂದು ದಿನ ಮುದುಕಿಯೊಬ್ಬಳು ಅಡ್ಡ ಬಂದಳು, ಬಲಗಾಲು ತಾನಾಗಿಯೇ ಗಂಟೆ ತುಳಿಯಿತು. ಬಸ್ಸಿನಲ್ಲಿ ಅಲ್ಲಿರುವುದು ಎಕ್ಸಲೇಟರ್. ಮುದುಕಿ ಹೇಗೋ ಪಾರಾದಳು, ಬಾಳೆಹಣ್ಣಿನ ಗಾಡಿ ಚೂರಾಯಿತು. "ಮತ್ತೆ ನಂಗೆ ನನ್ನ ಕಾಲಿನ ಮೇಲೇ ನಂಬಿಕೆ ಇಲ್ದೇ ಹೋತು" ಎಂದರು.

ಇಷ್ಟು ವರ್ಷ ಸಂಸಾರ ಮಾಡಿದ ನನಗೂ ಹೇಳದ ಮಾತು. ಸಿಟ್ಟು ಬಂತು, ಅಳುವೂ ಬಂತು. ಒಮ್ಮೆ ರೂಢಿಯಾದದ್ದನ್ನು ಬಿಡುವುದು ಅವರಿಗೆ ತೀರಾ ಕಷ್ಟ ಕಣೇ. ನಿನ್ನ ಮೇಲಿನ ಹಟವೂ ಹಾಗೇ ರೂಢಿಯಾಗಿದೆ, ಒಳಗೆ ಸಿಟ್ಟು ಉಳಿದಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆ ಗುರುದತ್ತನ ಸ್ಕೂಟರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗಿ, ಮುಂಬೈಗೂ ಅಲ್ಲಿಂದ ಕಲ್ಕತ್ತೆಯ ಹೌರಾಕ್ಕೂ ಟಿಕೆಟು ಮಾಡಿಸಿ ಬಂದರು. ಜನವರಿಯಲ್ಲಿ, ಇಬ್ಬರಿಗೂ. ಟ್ರಾಮು ನಿಲ್ಲುವ ಮೊದಲು ಒಮ್ಮೆ ನೋಡಬೇಕು ಎಂದು ಕಿಟಕಿಯ ಕಡೆ ತಿರುಗಿ ಹೇಳಿದರು. ಆತು, ನೋಡುವ ಎಂದೆ ನಾನು. ನೀನೂ ಹಾಗೆಯೇ ನಂಬಿದವಳಂತಿರು, ಹಳೆಯದನ್ನು ಕೆದಕಬೇಡ. ದಿನಾ ಟ್ರಾಮಿನಲ್ಲಿ ಕೂರಿಸು ಸಾಕು. ಅಳಿಯಂದಿರ ಹತ್ತಿರ ಇವರು ಹಿಂದಿ ಮಾತಾಡುತ್ತಾರೆ, ಅದೂ ಬೊಂಬಾಯಿ ಹಿಂದಿ. ಅದರಲ್ಲಿ ಮರ್ಯಾದೆ ಸ್ವಲ್ಪ ಕಡಿಮೆ, ಬೇಜಾರು ಮಾಡಿಕೊಳ್ಳಬಾರದು ಎಂದು ಮೊದಲೇ ಹೇಳಿಡು. ಮಿಡಿ ಉಪ್ಪಿನಕಾಯಿ ತರುತ್ತೇನೆ.

ನಿನ್ನ ಅಮ್ಮ,
ಮಾಲತಿ

ತಾ.ಕ.: ದಿವ್ಯಾ, ಅಂಚೆಗೆ ಹಾಕಲು ಅಮ್ಮ ಈ ಪತ್ರ ನನ್ನ ಕೈಯಲ್ಲಿ ಕೊಟ್ಟಳು. ಅಂಟಿಸುವ ಮೊದಲು ಓದಿದೆ. ಒಂದು ಮಾತು ಅವಳು ಸರಿಯಾಗಿ ಬರೆದಿಲ್ಲ. ಆ ಲೈನು ನಾಳೆಯೇ ನಿಂತರೂ ನಾವು ಬರುವವರೇ. ಟ್ರಾಮು ನಾನು ಬೇಕಾದಷ್ಟು ನೋಡಿದ್ದೇನೆ. ನಿನ್ನ ಮುಖ ನೋಡದೆ ಆರು ವರ್ಷವಾಯಿತು. ಅಳಿಯಂದಿರೂ ಸ್ಟೇಷನ್ನಿಗೆ ಬರಲಿ.

ಅಪ್ಪ